ಟ್ರ್ಯಾಕ್ಟರಿಗೆ ನೇಗಿಲು ಜೋಡಿಸಿಕೊಟ್ಟ ಹ್ಯಾರಿ ಫರ್ಗ್ಯುಸನ್



ಬೆಳ್ಳಿ ಹಬ್ಬದ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಲೇಬೇಕು ಎಂದು ಆಡಳಿತ ಮಂಡಳಿ ಸಭೆಯಲ್ಲಿ ತೀರ್ಮಾನವಾಯಿತು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದವರು. ಸಹಕಾರ ಚಳವಳಿಯ ಚರಿತ್ರೆ, ಸಾಲ ವಸೂಲಾತಿಯ ಅಂಕಿ ಅಂಶ ಇವನ್ನೆಲ್ಲ ಬರೆಯಲು ನಮಗಿಂತ ತಿಳಿದವರು ಸಂಘದಲ್ಲಿ ಇದ್ದಾರೆ. ನಮಗೆ ತಕ್ಕಮಟ್ಟಿಗೆ ಗೊತ್ತಿರುವುದು ಮಣ್ಣು ಮತ್ತು ಟ್ರ್ಯಾಕ್ಟರು. ಅದಕ್ಕೇ ಗೊಬ್ಬರದ ಗೋದಾಮಿನ ಹಿಂದೆ ಲಂಟಾನದ ನಡುವೆ ಬಿದ್ದಿರುವ ಎರಡು ರೆಕ್ಕೆಯ ಹಳೇ ನೇಗಿಲನ್ನು ನೆಪ ಮಾಡಿಕೊಂಡು, ಅಂಥ ನೇಗಿಲನ್ನು ಪ್ರಪಂಚಕ್ಕೆ ಕೊಟ್ಟ ಒಬ್ಬ ರೈತನ ಮಗನ ಜೀವನವನ್ನು ಬರೆಯುತ್ತಿದ್ದೇವೆ.

ಆ ನೇಗಿಲು ಹೆಂಗೆ ಬಂತು ಎಂಬುದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಸಂಘ ಪ್ರಾರಂಭವಾದ ಮೂರನೇ ವರ್ಷ ಸದಸ್ಯರಿಗೆ ಬಾಡಿಗೆಗೆ ಕೊಡಲು ಒಂದು ಹಳೇ ಟ್ರ್ಯಾಕ್ಟರು ಖರೀದಿ ಮಾಡಿದೆವು. ನೇಗಿಲು ಅದರ ಜೊತೆಗೇ ಬಂತು. ರಿಪೇರಿ ಖರ್ಚು ಬಾಡಿಗೆಗಿಂತ ಜಾಸ್ತಿಯಾಗಿ ಟ್ರ್ಯಾಕ್ಟರು ಮಾರಿದ್ದಾಯಿತು. ಕೊಂಡವರಿಗೆ ನೇಗಿಲು ಬೇಡವಾಗಿತ್ತು, ಉಳೀತು. ಹೋದ ವರ್ಷದ ಸಭೆಯಲ್ಲಿ ಅದನ್ನು ಹಳೇ ತಕ್ಕಡಿ, ತೂತುಬಿದ್ದ ಡ್ರಮ್ಮುಗಳ ಜೊತೆ ಗುಜರಿಗೆ ತೂಕಕ್ಕೆ ಹಾಕೋಣ ಎಂಬ ವಿಷಯ ಬಂತು. ಆರು ತಿಂಗಳು ಅವಕಾಶ ಕೊಡಿ ಎಂದು ಕೇಳಿಕೊಂಡವರು ನಾವೊಬ್ಬರೇ.

ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ನಡೆದ ಒಂದು ಅಪಘಾತ. ಕೆಲವು ವರ್ಷಗಳ ಹಿಂದೆ ನಮ್ಮ ತಮ್ಮ ಬದುವಿನ ಮೇಲಿದ್ದ ಹುಣಸೆ ಮರದ ಬುಡ ಕೀಳಲು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿದ. ಕಟ್ಟಿದ್ದು ಕೆಳಗಿನ ಕೊಂಡಿಗಲ್ಲ, ಸೀಟಿನ ಹಿಂದೆ ಮೇಲುಗಡೆ ಟಾಪ್ ಲಿಂಕ್ ಸಿಕ್ಕಿಸುವ ಜಾಗಕ್ಕೆ. ಮೇಲೆ ಕಟ್ಟಿದರೆ ಎಳೆತ ಚೆನ್ನಾಗಿ ಬರುತ್ತೆ ಅಂತ ಅವನ ಲೆಕ್ಕ. ಕ್ಲಚ್ ಬಿಟ್ಟ. ಬುಡ ಅಲುಗಲಿಲ್ಲ. ಮುಂದಿನ ಗಾಲಿಗಳು ಎದ್ದವು, ಏಳುತ್ತಲೇ ಹೋದವು. ನಾವು ಹತ್ತು ಮಾರು ದೂರದಲ್ಲಿ ನಿಂತು ನೋಡುತ್ತಿದ್ದೆವು, ಕೂಗುವುದಕ್ಕೂ ಹೊತ್ತು ಸಿಗಲಿಲ್ಲ. ಅವನು ಪಕ್ಕಕ್ಕೆ ನೆಗೆದದ್ದರಿಂದ ಜೀವ ಉಳೀತು, ಕಾಲು ಮಾತ್ರ ಮೊದಲಿನಂತೆ ಆಗಲಿಲ್ಲ. ಮಗುಚಿದ ಟ್ರ್ಯಾಕ್ಟರನ್ನು ಎತ್ತಿ ನಿಲ್ಲಿಸಲು ಪೇಟೆಯಿಂದ ಬಂದ ವಯಸ್ಸಾದ ಮೇಸ್ತ್ರಿಯೊಬ್ಬರು, ಟ್ರ್ಯಾಕ್ಟರು ಹಿಂದಕ್ಕೆ ಏಳಬಾರದು ಎಂದೇ ಒಬ್ಬ ಮಹಾನುಭಾವ ಈ ಜಾಗದಲ್ಲಿ ಒಂದು ಕೈ ಇಟ್ಟಿದ್ದಾನೆ, ನಿಮ್ಮ ತಮ್ಮ ಅದಕ್ಕೇ ಸರಪಳಿ ಹಾಕಿ ಎಬ್ಬಿಸಿದ್ದಾನೆ ಎಂದು ಬೈದರು. ಆ ಮಹಾನುಭಾವ ಯಾರು ಎಂದು ಕೇಳಿದ್ದಕ್ಕೆ ಫರ್ಗ್ಯುಸನ್ ಎಂದರು. ಅಲ್ಲಿಯವರೆಗೆ ಅದು ಮ್ಯಾಸಿ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಬರೆದಿರುವ ಒಂದು ಹೆಸರು ಅಂತ ಮಾತ್ರ ನಮಗೆ ಗೊತ್ತಿತ್ತು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿ, ತಿಳಿದವರನ್ನು ಕೇಳಿ ಒಟ್ಟು ಮಾಡಿದ್ದು ಮುಂದಿನದು.

ಹ್ಯಾರಿ ಫರ್ಗ್ಯುಸನ್‌ರವರು ಹುಟ್ಟಿದ್ದು 1884ನೇ ಇಸವಿ ನವೆಂಬರ್ 4ರಂದು, ಐರ್ಲೆಂಡಿನ ಉತ್ತರ ಭಾಗದ ಡೌನ್ ಕೌಂಟಿಯಲ್ಲಿ, ಡ್ರೊಮೋರ್ ಎಂಬ ಊರಿನ ಹತ್ತಿರದ ಗ್ರೋವೆಲ್ ಎಂಬ ಹಳ್ಳಿಯಲ್ಲಿ. ಹನ್ನೊಂದು ಮಕ್ಕಳಲ್ಲಿ ಇವರು ನಾಲ್ಕನೆಯವರು. ತಂದೆ ಜೇಮ್ಸ್ ಬೇಸಾಯಗಾರರು, ದೈವಭಕ್ತರು, ಬಲು ಕಟ್ಟುನಿಟ್ಟು. ಹದಿನಾಲ್ಕನೇ ವಯಸ್ಸಿಗೆ ಸ್ಕೂಲು ಬಿಡಿಸಿ ಹೊಲಕ್ಕೆ ಹಾಕಿದರು. ಹುಡುಗ ಆಳು ಸಣ್ಣದು, ತೆಳ್ಳಗೆ. ಕುದುರೆಗಳ ಹಿಂದೆ ನೇಗಿಲು ಹಿಡಿದು ದಿನವಿಡೀ ನಡೆಯುವ ಕೆಲಸ ಅವರಿಗೆ ಒಗ್ಗಲೇ ಇಲ್ಲ. ತಂದೆಗೂ ಮಗನಿಗೂ ದೇವರ ವಿಷಯದಲ್ಲೂ ಆಗಿಬರುತ್ತಿರಲಿಲ್ಲ. ಊರು ಬಿಟ್ಟು ಕೆನಡಾ ದೇಶಕ್ಕೆ ಹೋಗಿಬಿಡೋಣ ಎನ್ನುವವರೆಗೂ ಬಂದಿತ್ತು. ಅಷ್ಟರಲ್ಲಿ ಅಣ್ಣ ಜೋ ಬೆಲ್‌ಫಾಸ್ಟ್ ಪಟ್ಟಣದಲ್ಲಿ ಸೈಕಲ್ಲು, ಕಾರು ರಿಪೇರಿ ಅಂಗಡಿ ಇಟ್ಟಿದ್ದರಿಂದ 1902ರಲ್ಲಿ ಅಲ್ಲಿ ಸೇರಿಕೊಂಡರು. ಬೇಸಾಯ ಬೇಡ ಎಂದು ಓಡಿಹೋದವರೇ ಮುಂದೆ ಬೇಸಾಯಕ್ಕೆ ಇಷ್ಟು ಮಾಡಿದರು ಎಂಬುದು ನಮಗೆ ಸೋಜಿಗ.

ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮ ತಾತಂದಿರ ಕಾಲಕ್ಕೆ ಮರದ ನೇಗಿಲಿನ ಜಾಗಕ್ಕೆ ಕಬ್ಬಿಣದ ನೇಗಿಲು ತಂದ ಲಕ್ಷ್ಮಣರಾವ್ ಕಿರ್ಲೋಸ್ಕರರೂ ಸೈಕಲ್ ಅಂಗಡಿಯಿಂದಲೇ ಮೇಲೆ ಬಂದವರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದವರು. ಅವರದು ಎತ್ತಿನ ನೇಗಿಲು, ಇವರದು ಟ್ರ್ಯಾಕ್ಟರ್ ನೇಗಿಲು. ಸೈಕಲ್ಲಿಗೂ ನೇಗಿಲಿಗೂ ಏನು ನೆಂಟೋ ನಾವು ಕಾಣೆವು.

ಬೆಲ್‌ಫಾಸ್ಟಿನಲ್ಲಿ ಹ್ಯಾರಿಯವರು ಮೋಟಾರ್ ಸೈಕಲ್ ಮತ್ತು ಕಾರಿನ ಪಂದ್ಯಗಳಲ್ಲಿ ಹೆಸರು ಮಾಡಿದರು. ಆಮೇಲೆ ವಿಮಾನದ ಹುಚ್ಚು ಹಿಡೀತು. ತಾವೇ ಒಂದು ವಿಮಾನ ಕಟ್ಟಿ, 1909ನೇ ಇಸವಿ ಡಿಸೆಂಬರ್ 31ರಂದು ಹಿಲ್ಸ್‌ಬರೋ ಎಂಬಲ್ಲಿ ಜೋರು ಗಾಳಿಯಲ್ಲಿ ಸುಮಾರು 130 ಗಜ ಹಾರಿಸಿಯೇ ಬಿಟ್ಟರು. ಐರ್ಲೆಂಡಿನ ನೆಲದಿಂದ ಸ್ವಂತ ವಿಮಾನದಲ್ಲಿ ಮೊದಲು ಹಾರಿದವರು ಇವರೇ. ಮಾರನೇ ವರ್ಷ ಸಮುದ್ರದ ದಂಡೆಯ ಮೇಲೆ ಸುಮಾರು ಮೂರು ಮೈಲಿ ಹಾರಿ 100 ಪೌಂಡ್ ಬಹುಮಾನ ಪಡೆದರು. 1911ರಲ್ಲಿ ಅಣ್ಣನಿಂದ ಬೇರೆಯಾಗಿ ಸ್ವಂತ ಮೋಟಾರ್ ಅಂಗಡಿ ತೆರೆದರು. 1913ರಲ್ಲಿ ಮೌರೀನ್ ವಾಟ್ಸನ್ ಎಂಬಾಕೆಯನ್ನು ಮದುವೆಯಾದರು. ಒಬ್ಬಳೇ ಮಗಳು. ಇವರ ವಿಮಾನದ ಕಥೆಯೇ ಒಂದು ಪುಸ್ತಕಕ್ಕಾಗುತ್ತೆ, ನಮಗೆ ಇಲ್ಲಿ ನೇಗಿಲು ಮುಖ್ಯ.

ಮೊದಲ ಮಹಾಯುದ್ಧ ಬಂತು. ಸಮುದ್ರದಲ್ಲಿ ಶತ್ರುಗಳ ಜಲಾಂತರ್ಗಾಮಿ ಹಡಗುಗಳು ಆಹಾರದ ಹಡಗುಗಳನ್ನು ಮುಳುಗಿಸುತ್ತಿದ್ದವು. ದೇಶದೊಳಗೇ ಹೆಚ್ಚು ನೆಲ ಉಳಬೇಕಾಯಿತು. ಕುದುರೆಗಳು, ಆಳುಗಳು ಯುದ್ಧಕ್ಕೆ ಹೋಗಿದ್ದರು. ಫರ್ಗ್ಯುಸನ್‌ರವರು ಆಗಲೇ ತಮ್ಮ ಅಂಗಡಿಯಲ್ಲಿ ಅಮೆರಿಕದಿಂದ ಬಂದ ಟ್ರ್ಯಾಕ್ಟರುಗಳನ್ನು ಮಾರುತ್ತಿದ್ದರು. 1917ರಲ್ಲಿ ಐರ್ಲೆಂಡಿನ ಕೃಷಿ ಇಲಾಖೆಯವರು ಟ್ರ್ಯಾಕ್ಟರುಗಳು ಸರಿಯಾಗಿ ಉಳುತ್ತವೋ ಇಲ್ಲವೋ ನೋಡಿ ರೈತರಿಗೆ ತಿಳಿಸಿಕೊಡಿ ಎಂದು ಇವರಿಗೆ ಒಪ್ಪಿಸಿದರು. ವಿಲ್ಲಿ ಸ್ಯಾಂಡ್ಸ್ ಎಂಬ ಮೆಕಾನಿಕ್ಕನ್ನು ಕರೆದುಕೊಂಡು ಇವರು ಹೊಲದಿಂದ ಹೊಲಕ್ಕೆ ಅಲೆದರು. ಈ ಸ್ಯಾಂಡ್ಸ್‌ರವರು ಹೆಚ್ಚು ಓದಿದವರಲ್ಲ, ಆದರೆ ಫರ್ಗ್ಯುಸನ್‌ರವರು ಬಾಯಲ್ಲಿ ಹೇಳಿದ್ದನ್ನು ಕಬ್ಬಿಣದಲ್ಲಿ ಮಾಡಿ ಕೊಡುತ್ತಿದ್ದ ಕೈ ಅವರದು. ಅವರ ಹೆಸರು ಬಾನೆಟ್ಟಿನ ಮೇಲೆ ಬರಲಿಲ್ಲ. ಇಲ್ಲಿಯಾದರೂ ಬರಲಿ ಎಂದು ಬರೆದಿದ್ದೇವೆ.

ಆ ಕಾಲದ ಟ್ರ್ಯಾಕ್ಟರ್ ನೇಗಿಲು ಹೆಂಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗಾಡಿಯ ಹಾಗೆ ಅದಕ್ಕೆ ಅದರದೇ ಗಾಲಿಗಳು. ಟ್ರ್ಯಾಕ್ಟರಿನ ಹಿಂದೆ ಒಂದು ಸರಪಳಿಯಿಂದಲೋ ಕೊಂಡಿಯಿಂದಲೋ ಕಟ್ಟಿ ಎಳೆಯುವುದು. ಕುಳ ನೆಲಕ್ಕೆ ಕಚ್ಚಬೇಕಾದರೆ ನೇಗಿಲು ತಾನೇ ಭಾರ ಇರಬೇಕು, ಭಾರದ ನೇಗಿಲು ಎಳೆಯಬೇಕಾದರೆ ಟ್ರ್ಯಾಕ್ಟರೂ ಭಾರ ಇರಬೇಕು, ಆ ಭಾರದ ಟ್ರ್ಯಾಕ್ಟರು ಮಣ್ಣನ್ನು ಅಮುಕಿ ಗಟ್ಟಿ ಮಾಡುತ್ತಿತ್ತು. ಬಹಳ ಕಡೆ ನೇಗಿಲಿನ ಸನ್ನೆ ಎತ್ತಿ ಇಳಿಸಲು ಇನ್ನೊಬ್ಬ ಆಳು ಬೇಕು. ಹೊಲದ ಮೂಲೆಯಲ್ಲಿ ತಿರುಗಿಸಲು ಅರ್ಧ ಹೊಲವೇ ಬೇಕು. ಇದೆಲ್ಲ ಹೋಗಲಿ ಎಂದರೆ ಜೀವಕ್ಕೇ ಅಪಾಯ ಇತ್ತು. ಕುಳ ನೆಲದೊಳಗಿನ ಬಂಡೆಗೋ ಬೇರಿಗೋ ಸಿಕ್ಕಿ ನಿಂತಿತು ಅನ್ನಿ. ಹಿಂದಿನ ಗಾಲಿ ಮುಂದಕ್ಕೆ ಉರುಳಲಾರದು. ಇಂಜಿನ್ನಿನ ಬಲ ಎಲ್ಲಿಗೆ ಹೋಗಬೇಕು? ಗಾಲಿ ತಿರುಗದಿದ್ದರೆ ಅಚ್ಚಿನ ಸುತ್ತ ಟ್ರ್ಯಾಕ್ಟರೇ ತಿರುಗುತ್ತೆ. ಮೂತಿ ಎದ್ದು ಹಿಂದಕ್ಕೆ ಮಗುಚಿ, ಸೀಟಿನಲ್ಲಿದ್ದವನು ಕೆಳಗೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದಿರುತ್ತೆ. ಹೀಗೆ ಸತ್ತ ಚಾಲಕರು ಒಬ್ಬಿಬ್ಬರಲ್ಲ. ಫೋರ್ಡ್ ಕಂಪನಿಯ ಫೋರ್ಡ್‌ಸನ್ ಎಂಬ ಅಗ್ಗದ ಟ್ರ್ಯಾಕ್ಟರು 1917ರಿಂದ ಸಾವಿರಗಟ್ಟಲೆ ಬಂದ ಮೇಲೆ ಈ ಅಪಾಯ ಇನ್ನೂ ಹೆಚ್ಚಾಯಿತು.

ಫರ್ಗ್ಯುಸನ್‌ರವರು ಹೊಲದಲ್ಲಿ ನಿಂತು ಕಂಡುಕೊಂಡದ್ದು ಇಷ್ಟೆ. ನೇಗಿಲು ಬೇರೆ, ಟ್ರ್ಯಾಕ್ಟರು ಬೇರೆ ಆಗಿರುವವರೆಗೆ ಇದು ತಪ್ಪಿದ್ದಲ್ಲ. ಎರಡೂ ಒಂದೇ ದೇಹ ಆಗಬೇಕು. 1917ರಲ್ಲೇ ಅವರ ಮೊದಲನೇ ನೇಗಿಲು ತಯಾರಾಯಿತು. ಫೋರ್ಡ್ ಕಾರನ್ನು ಟ್ರ್ಯಾಕ್ಟರಾಗಿ ಮಾರ್ಪಾಡು ಮಾಡಿದ ಈರೋಸ್ ಎಂಬ ಯಂತ್ರಕ್ಕೆ ಜೋಡಿಸುವಂಥದ್ದು. ಗಾಲಿ ಇಲ್ಲದ ಹಗುರ ನೇಗಿಲು, ಚಾಲಕ ಕೂತಲ್ಲಿಂದಲೇ ಸನ್ನೆ ಹಿಡಿದು ಎತ್ತಬಹುದು. ಆದರೆ ಅಗ್ಗದ ಫೋರ್ಡ್‌ಸನ್ ಮುಂದೆ ಈರೋಸ್ ಉಳಿಯಲಿಲ್ಲ, ನೇಗಿಲೂ ಅದರ ಜೊತೆ ಮುಳುಗಿತು. ಇವರು ಎದೆಗುಂದದೆ ಫೋರ್ಡ್‌ಸನ್ನಿಗೇ ಒಪ್ಪುವ ನೇಗಿಲು ಮಾಡಿದರು. ಮೇಲೊಂದು ಕೆಳಗೊಂದು ಸರಳು ಕೊಟ್ಟು ಜೋಡಿಸಿದ್ದರಿಂದ, ಕುಳ ಕಲ್ಲಿಗೆ ಬಡಿದರೂ ಮೇಲಿನ ಸರಳು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ ಮೂತಿ ಏಳದಂತೆ ತಡೆಯಿತು. 1920ರಲ್ಲಿ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡ್‌ರವರಿಗೇ ಇದನ್ನು ತೋರಿಸಿದರು. ಫೋರ್ಡ್‌ರವರು ಕೆಲಸಕ್ಕೆ ಸೇರಿಕೋ ಎಂದರು, ಇವರು ಒಪ್ಪಲಿಲ್ಲ. ಸಂಬಳಕ್ಕೆ ಇರುವ ಜಾಯಮಾನ ಅವರದಲ್ಲ.

ಏಳದಂತೆ ತಡೆದದ್ದು ಅರ್ಧ ಕೆಲಸ. ಉಳಿದರ್ಧ ಆಳದ್ದು. ಎತ್ತು ಕಟ್ಟಿ ಉತ್ತವರಿಗೆ ಇದು ಬೇಗ ಅರ್ಥವಾಗುತ್ತೆ. ಮೇಣಿಯ ಮೇಲಿನ ನಮ್ಮ ಅಂಗೈಗೆ ನೆಲ ಗೊತ್ತಾಗುತ್ತಿತ್ತು. ಕುಳ ಜಾಸ್ತಿ ಇಳಿದು ಎತ್ತು ತಿಣುಕಿದರೆ ಕೈ ತಾನಾಗಿ ಹಗುರವಾಗುತ್ತಿತ್ತು, ಮೇಲಕ್ಕೆ ಬಂದರೆ ಒತ್ತುತ್ತಿತ್ತು. ಯೋಚನೆ ಮಾಡಿ ಮಾಡುವ ಕೆಲಸ ಅಲ್ಲ ಅದು. ಗಾಲಿ ಇಲ್ಲದ ಟ್ರ್ಯಾಕ್ಟರ್ ನೇಗಿಲಿಗೆ ಆ ಅಂಗೈ ಎಲ್ಲಿಂದ ತರುವುದು? ಫರ್ಗ್ಯುಸನ್‌ರವರು ವರ್ಷಗಟ್ಟಲೆ ಒದ್ದಾಡಿದರು. ಕೊನೆಗೆ ಎಣ್ಣೆಯ ಒತ್ತಡದಿಂದ, ಅಂದರೆ ಹೈಡ್ರಾಲಿಕ್‌ನಿಂದ ಅದನ್ನು ಸಾಧಿಸಿದರು. ಕುಳ ಆಳಕ್ಕೆ ಹೋದಷ್ಟೂ ಮೇಲಿನ ಸರಳು ಮುಂದಕ್ಕೆ ತಳ್ಳುತ್ತೆ, ಅದು ಒಂದು ಸ್ಪ್ರಿಂಗನ್ನು ಅಮುಕುತ್ತೆ, ಸ್ಪ್ರಿಂಗು ವಾಲ್ವನ್ನು ಸರಿಸುತ್ತೆ, ಎಣ್ಣೆ ನುಗ್ಗಿ ನೇಗಿಲು ಒಂದಿಷ್ಟು ಮೇಲಕ್ಕೆ. ಹಗುರವಾದರೆ ತಿರುಗಿ ಕೆಳಕ್ಕೆ. ನೇಗಿಲಿನ ಭಾರ, ಮಣ್ಣಿನ ಒತ್ತಡ ಎರಡೂ ಹಿಂದಿನ ಗಾಲಿಯ ಮೇಲೆ ಬೀಳುವುದರಿಂದ ಹಗುರ ಟ್ರ್ಯಾಕ್ಟರಿಗೂ ಹಿಡಿತ ಸಿಕ್ಕಿತು. ಈ ವಿಧಾನಕ್ಕೆ 1925ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ನಮ್ಮ ಟ್ರ್ಯಾಕ್ಟರುಗಳಲ್ಲಿ ಸೀಟಿನ ಪಕ್ಕ ಇರುವ ಡ್ರಾಫ್ಟ್ ಕಂಟ್ರೋಲ್ ಲಿವರ್ ಇದೇ. ಬಹಳ ಹುಡುಗರು ಅದನ್ನು ಮುಟ್ಟುವುದೇ ಇಲ್ಲ.

ಅಮೆರಿಕದ ಇವಾನ್ಸ್‌ವಿಲ್ ಎಂಬಲ್ಲಿ ಶೆರ್ಮನ್ ಸಹೋದರರ ಜೊತೆ ಸೇರಿ 1925ರಿಂದ ಈ ನೇಗಿಲುಗಳನ್ನು ಮಾಡಿಸಿದರು. 1928ರಲ್ಲಿ ಫೋರ್ಡ್ ಕಂಪನಿ ಅಮೆರಿಕದಲ್ಲಿ ಫೋರ್ಡ್‌ಸನ್ ಮಾಡುವುದನ್ನೇ ನಿಲ್ಲಿಸಿತು. ಟ್ರ್ಯಾಕ್ಟರೇ ಇಲ್ಲದ ಮೇಲೆ ನೇಗಿಲು ಯಾರಿಗೆ? ಎರಡನೇ ಸಲ ಕೈ ಸುಟ್ಟುಕೊಂಡ ಮೇಲೆ, ಇನ್ನೊಬ್ಬರ ಟ್ರ್ಯಾಕ್ಟರಿಗೆ ನೇಗಿಲು ಮಾಡುವುದು ಸಾಕು, ಟ್ರ್ಯಾಕ್ಟರನ್ನೇ ಮಾಡೋಣ ಎಂದುಕೊಂಡರು. 1933ರಲ್ಲಿ ಕಪ್ಪು ಬಣ್ಣ ಬಳಿದ ಒಂದೇ ಒಂದು ಟ್ರ್ಯಾಕ್ಟರು ಬೆಲ್‌ಫಾಸ್ಟಿನಲ್ಲಿ ತಯಾರಾಯಿತು. ಅದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯ ಸೇರಿದೆ. ಅದರ ಮಾದರಿಯಲ್ಲಿ 1936ರಿಂದ ಹಡರ್ಸ್‌ಫೀಲ್ಡಿನ ಡೇವಿಡ್ ಬ್ರೌನ್‌ರವರ ಕಾರ್ಖಾನೆಯಲ್ಲಿ ಟ್ರ್ಯಾಕ್ಟರು ಹೊರಬಂತು. ಒಳ್ಳೇ ಯಂತ್ರ, ಆದರೆ ಫೋರ್ಡ್‌ಸನ್ನಿಗಿಂತ ದುಬಾರಿ, ಮೇಲಾಗಿ ನೇಗಿಲು, ಕಲ್ಟಿವೇಟರ್ ಎಲ್ಲ ಹೊಸದಾಗಿ ಕೊಳ್ಳಬೇಕು. ಸುಮಾರು 1350 ಮಾತ್ರ ತಯಾರಾದವು. ಪಾಲುದಾರರಿಬ್ಬರಿಗೂ ಜಗಳವಾಯಿತು.

1938ರ ಅಕ್ಟೋಬರಿನಲ್ಲಿ ಫರ್ಗ್ಯುಸನ್‌ರವರು ಒಂದು ಟ್ರ್ಯಾಕ್ಟರನ್ನೂ ನೇಗಿಲನ್ನೂ ಹಡಗಿಗೆ ಹಾಕಿಕೊಂಡು ತಿರುಗಿ ಹೆನ್ರಿ ಫೋರ್ಡ್‌ರವರ ಬಾಗಿಲಿಗೆ ಹೋದರು. ಡಿಯರ್‌ಬಾರ್ನ್‌ನಲ್ಲಿ ಫೋರ್ಡ್‌ರವರ ಮನೆಯ ಜಮೀನಿನಲ್ಲೇ ಉತ್ತು ತೋರಿಸಿದರು. ಆಗ ಫೋರ್ಡ್‌ರವರಿಗೆ ಎಪ್ಪತ್ತೈದು ದಾಟಿತ್ತು, ಅವರೂ ರೈತನ ಮಗ, ಅವರೂ ಬೇಸಾಯದ ಕಷ್ಟಕ್ಕೆ ಬೇಸತ್ತು ಪಟ್ಟಣ ಸೇರಿದವರು. ಹೊರಗೇ ಒಂದು ಮೇಜು ಹಾಕಿಸಿ, ಕೀಲಿ ಕೊಟ್ಟರೆ ಓಡುವ ಆಟಿಕೆಯಂಥ ಮಾದರಿ ಇಟ್ಟುಕೊಂಡು ಫರ್ಗ್ಯುಸನ್‌ರವರು ಮೇಲಿನ ಸರಳಿನ ಗುಟ್ಟು ಬಿಡಿಸಿ ಹೇಳಿದರು. ಫೋರ್ಡ್‌ರವರು ಟ್ರ್ಯಾಕ್ಟರು ಮಾಡಿ ಕೊಡುವುದು, ಫರ್ಗ್ಯುಸನ್‌ರವರು ಮಾರುವುದು ಎಂದು ಅಲ್ಲೇ ತೀರ್ಮಾನವಾಯಿತು. ಕಾಗದ ಇಲ್ಲ, ಸಹಿ ಇಲ್ಲ, ಸಾಕ್ಷಿ ಇಲ್ಲ. ಇಬ್ಬರೂ ಕೈ ಕುಲುಕಿದರು, ಅಷ್ಟೆ. ನಮ್ಮ ಸಂಘದಲ್ಲಿ ಐದು ಸಾವಿರ ಸಾಲಕ್ಕೂ ಜಾಮೀನುದಾರರ ಸಹಿ ಕೇಳುತ್ತೇವೆ. ಕೋಟಿಗಟ್ಟಲೆ ವ್ಯವಹಾರ ಬರೀ ಕೈಮೇಲೆ ನಡೆಯಿತು ಎಂದರೆ ಕಾರ್ಯದರ್ಶಿಗಳು ನಂಬಲಿಕ್ಕಿಲ್ಲ.

ಎಂಟೇ ತಿಂಗಳಲ್ಲಿ, 1939ರ ಜೂನ್ 29ರಂದು, ಹೊಸ ಟ್ರ್ಯಾಕ್ಟರಿನ ಪ್ರದರ್ಶನ ನಡೆಯಿತು. ಎಂಟು ವರ್ಷದ ಹುಡುಗನೊಬ್ಬನ ಕೈಯಲ್ಲಿ ಅದರಿಂದ ಉಳಿಸಿ ತೋರಿಸಿದರು. ಮೊದಲಿನ ಎಳೆಯುವ ನೇಗಿಲಿನ ಕಾಲದಲ್ಲಿ ಆ ವಯಸ್ಸಿನ ಹುಡುಗನನ್ನು ಟ್ರ್ಯಾಕ್ಟರಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ. (ನಮ್ಮ ಸದಸ್ಯರು ಇದನ್ನು ಓದಿ ಮಕ್ಕಳನ್ನು ಸ್ಟೇರಿಂಗಿಗೆ ಕೂರಿಸಬೇಡಿ.) 1947ರವರೆಗೆ ಈ ಟ್ರ್ಯಾಕ್ಟರುಗಳು ಸುಮಾರು 3 ಲಕ್ಷ ತಯಾರಾದವು.

ಅಜ್ಜ ಕೊಟ್ಟ ಮಾತು ಮೊಮ್ಮಗನಿಗೆ ಹಿಡಿಸಲಿಲ್ಲ. ಹೆನ್ರಿ ಫೋರ್ಡ್‌ರವರ ಮೊಮ್ಮಗ, ಅದೇ ಹೆಸರಿನವರು, 1945ರಲ್ಲಿ ಕಂಪನಿ ವಹಿಸಿಕೊಂಡು ಲೆಕ್ಕ ನೋಡಿದರು. ಟ್ರ್ಯಾಕ್ಟರಿನಲ್ಲಿ ನಷ್ಟ ಕಾಣಿಸಿತು. 1947ರ ಮಧ್ಯಕ್ಕೆ ಒಪ್ಪಂದ ಮುಗಿಸಿ, ಅದೇ ಜೋಡಣೆ ಇರುವ ತಮ್ಮದೇ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ಬಿಟ್ಟರು. ಫರ್ಗ್ಯುಸನ್‌ರವರ ಮಾರಾಟದ ಏರ್ಪಾಡೆಲ್ಲ ಒಂದೇ ದಿನಕ್ಕೆ ಕೈ ತಪ್ಪಿತು. 1948ರಲ್ಲಿ ಅವರು 25 ಕೋಟಿ ಡಾಲರಿಗೂ ಮೇಲ್ಪಟ್ಟ ದಾವೆ ಹೂಡಿದರು. ನಾಲ್ಕು ವರ್ಷ ಕೇಸು ನಡೆದು 1952ರಲ್ಲಿ 92 ಲಕ್ಷ 50 ಸಾವಿರ ಡಾಲರಿಗೆ ರಾಜಿಯಾಯಿತು. ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ನೋಡಿ. ದೊಡ್ಡ ಕಂಪನಿಯನ್ನು ಒಬ್ಬ ಮನುಷ್ಯ ಬಗ್ಗಿಸಿದ ಎಂದು ಕೆಲವರು ಹೊಗಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅವರು ಗೆದ್ದದ್ದಕ್ಕಿಂತ ಸವೆದದ್ದೇ ಜಾಸ್ತಿ. ಕೋರ್ಟು ಕಟ್ಟೆ ಹತ್ತಿದ ಯಾವ ರೈತನನ್ನು ಕೇಳಿದರೂ ಇದು ಗೊತ್ತಾಗುತ್ತೆ. ಅಷ್ಟರಲ್ಲಿ ಮೂಲ ಪೇಟೆಂಟುಗಳ ಅವಧಿಯೂ ಮುಗಿದಿತ್ತು. ಹೀಗಾಗಿ ಆ ಮೂರು ಕೈಯ ಜೋಡಣೆ ಯಾವ ಕಂಪನಿ ಬೇಕಾದರೂ ಮಾಡುವಂತಾಯಿತು. ಅವರಿಗೆ ನಷ್ಟ, ಲೋಕದ ರೈತರಿಗೆಲ್ಲ ಲಾಭ.

ಈ ಕೇಸಿನ ಮಧ್ಯೆಯೇ ಅವರ ಜೀವನದ ಅತಿ ದೊಡ್ಡ ಕೆಲಸವೂ ನಡೆಯುತ್ತಿತ್ತು. 1946ರಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯವರ ಕಾರ್ಖಾನೆಯಲ್ಲಿ ಟಿ.ಇ.20 ಎಂಬ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರು ತಯಾರಾಗತೊಡಗಿತು. 1956ರವರೆಗೆ 5 ಲಕ್ಷಕ್ಕೂ ಮೇಲೆ ತಯಾರಾದವು. ಎವರೆಸ್ಟ್ ಹತ್ತಿದ ಹಿಲರಿಯವರು 1958ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದ್ದೂ ಪಟ್ಟಿ ಹಾಕಿದ ಫರ್ಗ್ಯುಸನ್ ಟ್ರ್ಯಾಕ್ಟರುಗಳಲ್ಲೇ. ಮಾರಾಟದ ಕಲೆಯಲ್ಲೂ ಅವರು ಕಡಿಮೆಯವರಲ್ಲ. ಲಂಡನ್ನಿನ ಕ್ಲಾರಿಜಸ್ ಎಂಬ ಶ್ರೀಮಂತರ ಹೋಟೆಲಿನ ಮೆಟ್ಟಿಲುಗಳ ಮೇಲೆ ಸೂಟು ಹಾಕಿಕೊಂಡೇ ಟ್ರ್ಯಾಕ್ಟರು ಓಡಿಸಿ ತೋರಿಸಿದ್ದರು. ಸ್ಟೋನ್‌ಲೀ ಎಂಬಲ್ಲಿ ಟ್ರ್ಯಾಕ್ಟರು, ಉಪಕರಣ ಬಳಸುವುದನ್ನು ಕಲಿಸಲೆಂದೇ ಒಂದು ಶಾಲೆ ನಡೆಸಿದರು. ಬೇಸಾಯದ ಖರ್ಚು ಇಳಿದರೆ ಆಹಾರದ ಬೆಲೆ ಇಳಿಯುತ್ತೆ, ಆಹಾರ ಅಗ್ಗವಾದರೆ ಲೋಕದ ಹಸಿವೂ ಜಗಳವೂ ಕಡಿಮೆಯಾಗುತ್ತೆ ಎಂಬುದು ಅವರ ವಾದ. ಯಾರು ಸಿಕ್ಕರೂ ಇದನ್ನೇ ಹೇಳುತ್ತಿದ್ದರು. ರೈತನಿಗೆ ಬೆಲೆ ಇಳಿದರೆ ಏನು ಗತಿ ಎಂದು ನಾವಾಗಿದ್ದರೆ ಕೇಳುತ್ತಿದ್ದೆವು.

ಶಿಸ್ತು ಎಂದರೆ ಅತಿಯಾದ ಶಿಸ್ತು. ಬೋಲ್ಟು ನಟ್ಟಿನಲ್ಲೂ ಅದೇ. ಅವರ ಟ್ರ್ಯಾಕ್ಟರಿನ ಜೊತೆ ಒಂದು ಸ್ಪ್ಯಾನರ್ ಕೊಡುತ್ತಿದ್ದರು. ನೇಗಿಲಿನ, ಟ್ರ್ಯಾಕ್ಟರಿನ ಹೆಚ್ಚಿನ ನಟ್ಟುಗಳಿಗೆಲ್ಲ ಅದೊಂದೇ ಸಾಕು. ಅದರ ಮೈಮೇಲೆ ಇಂಚಿನ ಗುರುತುಗಳೂ ಇದ್ದವು, ಅಳತೆ ಕೋಲೂ ಅದೇ. ಒಂದು ನೇಗಿಲಿಗೆ ಐದು ಸೈಜಿನ ನಟ್ಟು ಹಾಕಿ ರೈತರ ಪ್ರಾಣ ತಿನ್ನುವವರು ಇದನ್ನು ನೋಡಬೇಕು.

1953ರಲ್ಲಿ ಅವರ ವ್ಯವಹಾರವನ್ನು ಕೆನಡಾದ ಮ್ಯಾಸಿ ಹ್ಯಾರಿಸ್ ಕಂಪನಿಯ ಜೊತೆ ಸೇರಿಸಿದರು. ಬೆಲೆಯಲ್ಲಿ 10 ಲಕ್ಷ ಡಾಲರ್ ವ್ಯತ್ಯಾಸ ಬಂದಾಗ ನಾಣ್ಯ ಚಿಮ್ಮಿಸಿ ತೀರ್ಮಾನ ಮಾಡಿದರು, ಫರ್ಗ್ಯುಸನ್‌ರವರು ಸೋತರು. ಮಾರನೇ ವರ್ಷ ಅವರು ಹೊರಬಂದರು. ನಾಲ್ಕು ಗಾಲಿಗೂ ಬಲ ಕೊಡುವ ಕಾರುಗಳ ಮೇಲೆ ಕೊನೆಯ ವರ್ಷಗಳನ್ನು ಕಳೆದರು. ನಿದ್ರೆ ಬರುತ್ತಿರಲಿಲ್ಲ, ಮನಸ್ಸು ಕುಗ್ಗಿತ್ತು. 1960ನೇ ಇಸವಿ ಅಕ್ಟೋಬರ್ 25ರಂದು ಇಂಗ್ಲೆಂಡಿನ ಅಬ್ಬಟ್ಸ್‌ವುಡ್ ಎಂಬ ತಮ್ಮ ಮನೆಯ ಸ್ನಾನದ ತೊಟ್ಟಿಯಲ್ಲಿ ತೀರಿಕೊಂಡಿದ್ದು ಕಂಡುಬಂತು. ನಿದ್ರೆಯ ಔಷಧ ಹೆಚ್ಚಾಗಿತ್ತು. ತಿಳಿದು ತೆಗೆದುಕೊಂಡರೋ ತಿಳಿಯದೆಯೋ ಎಂಬುದು ವಿಚಾರಣೆಯಲ್ಲೂ ತೀರ್ಮಾನವಾಗಲಿಲ್ಲ. ಅದೇ 1960ರಲ್ಲಿ ಮದ್ರಾಸಿನಲ್ಲಿ ಮ್ಯಾಸಿ ಫರ್ಗ್ಯುಸನ್ ಸಹಯೋಗದಿಂದ ಟ್ಯಾಫೆ ಕಂಪನಿ ಪ್ರಾರಂಭವಾಯಿತು. ನಮ್ಮ ಕಡೆ ಮ್ಯಾಸಿ ಬಂದದ್ದು ಹೀಗೆ. ಮ್ಯಾಸಿ ಮಾತ್ರವಲ್ಲ, ಮಹೀಂದ್ರ, ಸ್ವರಾಜ್, ಯಾವುದೇ ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿ, ಕೆಳಗೆ ಎರಡು ಕೈ, ಮೇಲೆ ಒಂದು ಕೈ. ಮೂರೂ ಅವರದೇ.

ಈಗ ನಮ್ಮ ಗೋದಾಮಿನ ನೇಗಿಲಿಗೆ ಬರೋಣ. ಲಂಟಾನ ಕಡಿದು, ತಂತಿ ಬ್ರಷ್ಷಿನಿಂದ ತಿಕ್ಕಿ ನಾವೂ ಮೇಸ್ತ್ರಿಗಳೂ ಒಂದು ಭಾನುವಾರ ಪರೀಕ್ಷೆ ಮಾಡಿದೆವು. ಹಳೇ ನೇಗಿಲು ಯಾರ ಹೊಲದಲ್ಲಿ ಸಿಕ್ಕರೂ ಮೊದಲು ನೋಡಬೇಕಾದ್ದು ಅದು ಎಳೆಯುವ ನೇಗಿಲೋ ಜೋಡಿಸುವ ನೇಗಿಲೋ ಎಂಬುದು. ಸ್ವಂತ ಗಾಲಿ, ಮುಂದೆ ಉದ್ದನೆ ಮೂಕಿ, ಒಂದೇ ಕೊಂಡಿ ಇದ್ದರೆ ಎಳೆಯುವಂಥದ್ದು. ಕೆಳಗೆ ಎರಡು ಪಿನ್ನು, ಮೇಲೆ ಗೋಪುರದ ಹಾಗೆ ಎದ್ದ ಪಟ್ಟಿಯ ತುದಿಯಲ್ಲಿ ಒಂದು ತೂತು ಇದ್ದರೆ ಫರ್ಗ್ಯುಸನ್ ಪದ್ಧತಿಯದು. ಆಮೇಲೆ ಪಿನ್ನಿನ ದಪ್ಪ. ಕೆಳಗಿನದು 7/8 ಇಂಚು, ಮೇಲಿನದು 3/4 ಇಂಚು ಇದ್ದರೆ ಸಣ್ಣ ಟ್ರ್ಯಾಕ್ಟರಿನ ಅಳತೆ. 1 1/8 ಇಂಚು ಮತ್ತು 1 ಇಂಚು ಇದ್ದರೆ ದೊಡ್ಡದರ ಅಳತೆ. ದೊಡ್ಡ ಕಣ್ಣಿಗೆ ಸಣ್ಣ ಪಿನ್ನು ಹಾಕಿ ಓಡಿಸಿದರೆ ಅಲ್ಲಾಡಿ ತೂತು ಹಿಗ್ಗುತ್ತೆ, ಬುಷ್ ಹಾಕಿಸಿಕೊಳ್ಳಬೇಕು. ಅಸಲು ಫರ್ಗ್ಯುಸನ್ ನೇಗಿಲಾದರೆ ಅದರ ಮೇಲೆ ಒಂದು ನಂಬರು ಇರುತ್ತೆ. ಆ ನಂಬರಿನ ಮೊದಲ ಅಂಕಿ 10, 12 ಹೀಗೆ ಇದ್ದು, ಅದು ಒಂದೊಂದು ಸಾಲಿನ ಅಗಲ ಎಷ್ಟು ಇಂಚು ಎಂಬುದರ ಗುರುತು. ಕೆಳಗಿನ ಎರಡು ಪಿನ್ನುಗಳು ಒಂದು ಸೊಟ್ಟ ಅಡ್ಡ ಸರಳಿನ ತುದಿಗಳಾಗಿರುತ್ತವೆ. ಆ ಸರಳನ್ನು ತಿರುಗಿಸಿದರೆ ಮುಂದಿನ ಸಾಲಿನ ಅಗಲ ಹೆಚ್ಚು ಕಡಿಮೆ ಆಗುತ್ತೆ. ನಮ್ಮದರಲ್ಲಿ ಅಡ್ಡ ಸರಳು ಇದೆ, ಪಿನ್ನು 7/8 ಇದೆ, ನಂಬರು ಇಲ್ಲ. ಅಂದರೆ ಅಸಲಲ್ಲ, ಆ ವಂಶದ್ದು.

ಕುಳದ ಮೂತಿ ಎರಡೂ ಸವೆದಿದ್ದವು. ರೆಕ್ಕೆ ಒಂದರಲ್ಲಿ ಬಿರುಕು ಇದೆ ಎಂದು ಹೆದರಿದ್ದೆವು, ತಿಕ್ಕಿದ ಮೇಲೆ ಬರೀ ತುಕ್ಕಿನ ಗೆರೆ ಎಂದು ಗೊತ್ತಾಯಿತು. ಚೌಕಟ್ಟು ನೆಟ್ಟಗಿದೆ. ಇಷ್ಟಿದ್ದರೆ ನೇಗಿಲು ಸತ್ತಿಲ್ಲ.

ಹೂಡುವಾಗ ಮೊದಲು ಎಡಗಡೆ ಕೈ, ಆಮೇಲೆ ಬಲಗಡೆಯದು, ಕೊನೆಗೆ ಟಾಪ್ ಲಿಂಕ್. ಬಲಗಡೆ ಕೈಗೆ ಮೇಲೆ ಕೆಳಗೆ ಮಾಡುವ ಹ್ಯಾಂಡಲ್ ಇರುವುದರಿಂದ ಈ ಕ್ರಮ. ಮೊದಲನೇ ಸಾಲು ಹೊಡೆದ ಮೇಲೆ ಬಲಗಡೆ ಗಾಲಿಗಳು ಸಾಲಿನೊಳಗೆ ಇಳಿದು ಟ್ರ್ಯಾಕ್ಟರು ವಾಲುತ್ತೆ. ಆಗ ಆ ಹ್ಯಾಂಡಲ್ ತಿರುಗಿಸಿ ಬಲಗಡೆ ಕೈಯನ್ನು ಎತ್ತಿ ನೇಗಿಲನ್ನು ಮಟ್ಟಕ್ಕೆ ತರಬೇಕು. ಇದನ್ನು ಮಾಡದೆ ಒಂದು ಸಾಲು ಆಳ ಒಂದು ಸಾಲು ತೇಲು ಬಂತು ಎಂದು ನೇಗಿಲನ್ನು ಬೈಯುವವರೇ ಜಾಸ್ತಿ. ಟಾಪ್ ಲಿಂಕ್ ಗಿಡ್ಡ ಮಾಡಿದರೆ ಕುಳ ಮೂತಿ ತಗ್ಗಿಸಿ ಕಚ್ಚುತ್ತೆ, ಉದ್ದ ಮಾಡಿದರೆ ತೇಲುತ್ತೆ. ಪಕ್ಕದ ಸರಪಳಿಗಳನ್ನು ಬಿಗಿಯಬಾರದು, ನೇಗಿಲಿಗೆ ಸ್ವಲ್ಪ ಅಲುಗಾಟ ಬೇಕು. ಆಳಕ್ಕೆ ಡ್ರಾಫ್ಟ್ ಲಿವರ್. ಏನನ್ನಾದರೂ ಎಳೆಯುವುದಾದರೆ ಅಚ್ಚಿಗಿಂತ ಕೆಳಗಿನ ಕೊಂಡಿಗೆ ಮಾತ್ರ ಕಟ್ಟುವುದು. ಮೇಲಿನ ಕೈಗೆ ನೇಗಿಲು ಬಿಟ್ಟು ಬೇರೆ ಏನನ್ನೂ ಕಟ್ಟಕೂಡದು.

ಕಳೆದ ಸಭೆಯಲ್ಲಿ ಗುಜರಿಯ ವಿಷಯ ಕೈಬಿಟ್ಟು, ಎರಡು ಹೊಸ ಕುಳ ಮತ್ತು ಬೋಲ್ಟುಗಳಿಗೆ ಮಂಜೂರಾತಿ ಕೊಟ್ಟಿದ್ದಾರೆ.  ಬೆಳ್ಳಿ ಹಬ್ಬ ಮುಗಿದ ಮೇಲೆ ಬರುವ ಮೊದಲ ಹದ ಮಳೆಗೆ ನೇಗಿಲು ಸದಸ್ಯರಿಗೆ ಬಾಡಿಗೆಗೆ ಸಿಗುತ್ತೆ. ದರ ಸಂಘದ ಬೋರ್ಡಿನಲ್ಲಿ ಹಾಕುತ್ತಾರೆ. ತೆಗೆದುಕೊಂಡು ಹೋಗುವವರು ಟಾಪ್ ಲಿಂಕ್ ಪಿನ್ನನ್ನೂ ಅದರ ಲಿಂಚ್ ಪಿನ್ನನ್ನೂ ಎಣಿಸಿಕೊಂಡು ಹೋಗಬೇಕು, ಎಣಿಸಿ ವಾಪಸು ಕೊಡಬೇಕು. ಗೋದಾಮಿನಲ್ಲಿ ಎಣಿಸಿ ಕೊಡುವ ಜವಾಬ್ದಾರಿ ನಮ್ಮ ತಮ್ಮ ವಹಿಸಿಕೊಂಡಿದ್ದಾನೆ.